ಟಿಪಿಎನ್ ಬ್ಯಾಗ್‌ನಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ: ದೋಷ ಹುಡುಕುವ ದಾರಿ

ಹೊಟ್ಟೆ, ಕರುಳು ಕೆಲಸ ಮಾಡದ ರೋಗಿಗೆ ಪೂರ್ತಿ ಊಟವನ್ನು ರಕ್ತನಾಳದಲ್ಲೇ ಕೊಡುವ ದ್ರಾವಣ ಟಿಪಿಎನ್. ಸಕ್ಕರೆ, ಅಮೈನೋ ಆಸಿಡ್, ಕೊಬ್ಬು, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್, ವಿಟಮಿನ್, ಸತು-ತಾಮ್ರದಂಥ ಖನಿಜ, ಎಲ್ಲವೂ ಒಂದೇ ಚೀಲದಲ್ಲಿ. ಐವತ್ತಕ್ಕೂ ಹತ್ತಿರದ ಘಟಕಗಳು ಒಂದರ ಪಕ್ಕ ಒಂದು 24 ಗಂಟೆ ಜಗಳವಿಲ್ಲದೆ ಇರಬೇಕು. ಕೆಲವು ಸಲ ಇರುವುದಿಲ್ಲ. ಆಗ ಎಲ್ಲಿ, ಯಾಕೆ ಕೆಟ್ಟಿತು ಅಂತ ಹುಡುಕುವವರಿಗೆ ಈ ಬರಹ. ಬೆರೆಸುವ ಫಾರ್ಮಸಿಸ್ಟ್‌ಗಳು, ತೂಗುಹಾಕುವ ಸಿಸ್ಟರ್‌ಗಳು, ಆರ್ಡರ್ ಬರೆಯುವ ಡ್ಯೂಟಿ ಡಾಕ್ಟರ್‌ಗಳು, ಮೂವರಿಗೂ ಇದು ಬೇಕು. ಯಾಕೆಂದರೆ ದೋಷ ಒಬ್ಬರ ಕೈಯಲ್ಲಿ ಹುಟ್ಟಿ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಮೊದಲು ಮಾಡಬೇಕಾದದ್ದು

ಏನೇ ಅನುಮಾನ ಬಂದರೂ ಪಂಪ್ ನಿಲ್ಲಿಸಿ, ಲೈನ್ ಕ್ಲ್ಯಾಂಪ್ ಮಾಡಿ. ರೋಗಿಗೆ ಉಸಿರಾಟದ ತೊಂದರೆ, ಎದೆ ಹಿಡಿದ ಹಾಗೆ, ಆಮ್ಲಜನಕದ ಮಟ್ಟ ಇಳಿಕೆ ಇದ್ದರೆ ಬ್ಯಾಗ್ ಆಮೇಲೆ, ಡಾಕ್ಟರ್ ಮೊದಲು. ಬ್ಯಾಗ್ ನಿಂತ ತಕ್ಷಣ ರಕ್ತದ ಸಕ್ಕರೆ ಕೆಳಗೆ ಬೀಳಬಹುದು. ಪುಟ್ಟ ಮಕ್ಕಳಲ್ಲಿ ಇದು ಬಲು ಬೇಗ ಆಗುತ್ತದೆ. ಹಾಗಾಗಿ ಬೇರೆ ಲೈನ್‌ನಲ್ಲಿ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಶುರು ಮಾಡಲು ಆರ್ಡರ್ ಕೇಳಿ, ಸಕ್ಕರೆ ಪರೀಕ್ಷೆ ಮಾಡುತ್ತಿರಿ.

ಇನ್ನೊಂದು ಮಾತು. ಫಿಲ್ಟರ್ ಕಟ್ಟಿಕೊಂಡಿದೆ ಅಂತ ಅದನ್ನು ತೆಗೆದುಹಾಕಿ ಡ್ರಿಪ್ ಮುಂದುವರಿಸಬೇಡಿ. ರಾತ್ರಿ ಡ್ಯೂಟಿಯಲ್ಲಿ, ಅಲಾರಂ ಹೊಡೆದುಕೊಳ್ಳುತ್ತಲೇ ಇರುವಾಗ, ಹಾಗೆ ಮಾಡುವ ಆಸೆ ಬರುತ್ತದೆ. ಆದರೆ ಫಿಲ್ಟರ್ ಕಟ್ಟಿಕೊಂಡಿದ್ದರೆ ಅದು ತನ್ನ ಕೆಲಸ ಮಾಡಿದೆ ಅಂತ ಅರ್ಥ. ಅದು ತಡೆದದ್ದು ಇನ್ನೊಂದು ಗಳಿಗೆಗೆ ರೋಗಿಯ ಶ್ವಾಸಕೋಶಕ್ಕೆ ಹೋಗುತ್ತಿತ್ತು.

ಇದು ಬರೀ ಹೆದರಿಕೆಯ ಮಾತಲ್ಲ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಕೊಬ್ಬೂ ಸೇರಿದ ಟಿಪಿಎನ್ ಬ್ಯಾಗ್ ಪಡೆದ ಇಬ್ಬರು ತೀರಿಕೊಂಡಿದ್ದರು, ಇನ್ನೂ ಕೆಲವರಿಗೆ ಉಸಿರಾಟದ ತೊಂದರೆ ಆಗಿತ್ತು. ತೀರಿಕೊಂಡವರ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿದ್ದು ಕ್ಯಾಲ್ಸಿಯಂ ಫಾಸ್ಫೇಟ್ ಹರಳು. ಆ ಬ್ಯಾಗ್ ಹಾಲಿನ ಬಣ್ಣದ್ದು, ಒಳಗಿನ ಹರಳು ಯಾರಿಗೂ ಕಾಣುವಂತಿರಲಿಲ್ಲ. ಲೈನ್‌ನಲ್ಲಿ ಫಿಲ್ಟರ್ ಕಡ್ಡಾಯ ಅನ್ನುವ ಮಾತು ಗಟ್ಟಿಯಾದದ್ದು ಆ ಘಟನೆಯಿಂದಲೇ.

ಲೆಕ್ಕ ಹೀಗಿದೆ. ನಮ್ಮ ಅತಿ ಸಣ್ಣ ರಕ್ತನಾಳ 5ರಿಂದ 10 ಮೈಕ್ರಾನ್ ಅಗಲ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ). ಬರಿಗಣ್ಣಿಗೆ ಕಾಣಬೇಕಾದರೆ ಕಣ ಸುಮಾರು 50 ಮೈಕ್ರಾನ್ ಆದರೂ ಇರಬೇಕು. ನಡುವೆ ಇರುವ ಕಣಗಳು ನಾಳ ಮುಚ್ಚುವಷ್ಟು ದೊಡ್ಡವು, ಕಾಣುವಷ್ಟು ದೊಡ್ಡವಲ್ಲ. ಹಾಗಾಗಿ "ನೋಡಿದೆ, ಚೆನ್ನಾಗೇ ಇತ್ತು" ಅನ್ನುವುದು ಅರ್ಧ ಪರೀಕ್ಷೆ ಮಾತ್ರ. ಉಳಿದರ್ಧ ಬೆರೆಸಿದ ಕ್ರಮದಲ್ಲಿ, ಸಮಯದಲ್ಲಿ, ಬಿಸಿಯಲ್ಲಿ ಇದೆ. ದೋಷವನ್ನು ಅಲ್ಲಿ ಹುಡುಕಬೇಕು.

ದೊಡ್ಡವರ ಬ್ಯಾಗ್, ಕೂಸಿನ ಬ್ಯಾಗ್ ಕೆಡುವ ರೀತಿ ಬೇರೆ

ದೊಡ್ಡವರಿಗೆ ಸಾಮಾನ್ಯವಾಗಿ ಮೂರೂ ಸೇರಿದ ಬ್ಯಾಗ್ ಕೊಡುತ್ತೇವೆ. ಸಕ್ಕರೆ, ಅಮೈನೋ ಆಸಿಡ್, ಕೊಬ್ಬು ಒಟ್ಟಿಗೆ. ಇಲ್ಲಿ ಮೊದಲು ಕೆಡುವುದು ಕೊಬ್ಬು.

ದಿನ ತುಂಬದೆ ಹುಟ್ಟಿದ ಮಗುವಿಗೆ ಸಕ್ಕರೆ ಮತ್ತು ಅಮೈನೋ ಆಸಿಡ್ ಒಂದು ಕಡೆ, ಕೊಬ್ಬು ಬೇರೆ ಸಿರಿಂಜ್‌ನಲ್ಲಿ. ಎರಡೂ ಮಗುವಿನ ಹತ್ತಿರ ತ್ರೀ-ವೇಯಲ್ಲಿ, ಅಂದರೆ ಮೂರು ದಾರಿಯ ಪುಟ್ಟ ನಲ್ಲಿಯಲ್ಲಿ, ಸೇರುತ್ತವೆ. ಕಾರಣ ಇದೆ. ಎಲುಬು ಬೆಳೆಯುವ ಮಗುವಿಗೆ ಕೆ.ಜಿ. ಲೆಕ್ಕದಲ್ಲಿ ದೊಡ್ಡವರಿಗಿಂತ ಎಷ್ಟೋ ಪಟ್ಟು ಕ್ಯಾಲ್ಸಿಯಂ, ಫಾಸ್ಫೇಟ್ ಬೇಕು. ಕೊಡಬಹುದಾದ ನೀರು ಮಾತ್ರ ತೀರಾ ಕಡಿಮೆ. ದಿನಕ್ಕೆ ಕೆ.ಜಿ.ಗೆ 1.6ರಿಂದ 3.5 ಮಿಲಿಮೋಲ್ ಕ್ಯಾಲ್ಸಿಯಂ, ಹತ್ತಿರ ಹತ್ತಿರ ಅಷ್ಟೇ ಫಾಸ್ಫೇಟ್, ಇದು ಬೆಳೆಯುತ್ತಿರುವ ಅವಧಿಪೂರ್ವ ಶಿಶುವಿಗೆ ಯುರೋಪಿನ ಮಕ್ಕಳ ಪೋಷಣೆಯ ಸಂಘ ಎಸ್ಪಘಾನ್ 2018ರಲ್ಲಿ ಹೇಳಿದ ಅಳತೆ. ಇಷ್ಟನ್ನು ನೂರು ಚಿಲ್ಲರೆ ಮಿ.ಲೀ.ಯಲ್ಲಿ ತುಂಬಿದರೆ ಮೊದಲು ಕೆಡುವುದು ಕ್ಯಾಲ್ಸಿಯಂ-ಫಾಸ್ಫೇಟ್ ಜೋಡಿ. ಮೇಲೆ ಕೊಬ್ಬೂ ಸೇರಿಸಿದರೆ ಹರಳು ಕಾಣುವುದೂ ಇಲ್ಲ, ಕೊಬ್ಬೂ ಉಳಿಯುವುದಿಲ್ಲ.

ದೂರು ಬಂದಾಗ ಮೊದಲು ಕೇಳಬೇಕಾದದ್ದು ಇದೇ: ಯಾರ ಬ್ಯಾಗ್, ಎರಡು ಸೇರಿದ್ದೋ ಮೂರು ಸೇರಿದ್ದೋ? ಅಲ್ಲಿಗೆ ಅರ್ಧ ದಾರಿ ಗೊತ್ತಾಗುತ್ತದೆ.

ಅಕ್ಲೂಷನ್ ಅಲಾರಂ ಹೊಡೆಯುತ್ತಿದೆ

ಅಕ್ಲೂಷನ್ ಅಂದರೆ ಲೈನ್ ಎಲ್ಲೋ ಕಟ್ಟಿಕೊಂಡಿದೆ ಅಂತ ಪಂಪ್ ಹೇಳುವುದು. ಸರಳವಾದದ್ದರಿಂದ ಶುರು ಮಾಡಿ. ಕ್ಲ್ಯಾಂಪ್ ತೆಗೆದಿದೆಯಾ? ಲೈನ್ ಎಲ್ಲಾದರೂ ಮಡಚಿದೆಯಾ, ಮಗುವಿನ ಕೆಳಗೆ ಸಿಕ್ಕಿದೆಯಾ? ತ್ರೀ-ವೇ ಸರಿಯಾದ ದಿಕ್ಕಿಗಿದೆಯಾ? ಫಿಲ್ಟರ್ ತಲೆಕೆಳಗಾಗಿ ಜೋಡಿಸಿದ್ದಾರಾ, ಗಾಳಿ ಸಿಕ್ಕಿಕೊಂಡಿದೆಯಾ?

ಆಮೇಲೆ ಫಿಲ್ಟರ್ ಅಳತೆ ನೋಡಿ. ಕೊಬ್ಬು ಇರುವ ದ್ರಾವಣಕ್ಕೆ 1.2 ಮೈಕ್ರಾನ್ ಫಿಲ್ಟರ್. ಕೊಬ್ಬಿಲ್ಲದ್ದಕ್ಕೆ ಹಿಂದಿನಿಂದ ಬಳಸುತ್ತಿರುವುದು 0.22 ಮೈಕ್ರಾನ್. ಕೊಬ್ಬಿನ ಹನಿಗಳು ಸರಾಸರಿ 0.2ರಿಂದ 0.5 ಮೈಕ್ರಾನ್ ಇರುವುದರಿಂದ 0.22ರಲ್ಲಿ ಅವು ಹೋಗುವುದಿಲ್ಲ, ಕಟ್ಟಿಕೊಳ್ಳುತ್ತವೆ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕೊಬ್ಬಿನ ಸಿರಿಂಜ್ ಲೈನ್ 0.22 ಫಿಲ್ಟರ್‌ನ ಮೇಲ್ಗಡೆ ಸೇರಿಬಿಟ್ಟಿದ್ದರೆ ಇದೇ ಆಗುವುದು. ಈ ಗೊಂದಲ ತಪ್ಪಿಸಲೆಂದೇ ಅಮೆರಿಕದ ಪೋಷಣಾ ತಜ್ಞರ ಸಂಘ ಆಸ್ಪೆನ್ 2021ರಿಂದ ಎಲ್ಲಾ ಬಗೆಯ ಟಿಪಿಎನ್‌ಗೂ 1.2 ಮೈಕ್ರಾನ್ ಫಿಲ್ಟರ್ ಒಂದೇ ಸಾಕು ಅನ್ನುತ್ತಿದೆ. ಎರಡು ಲೈನ್ ಸೇರುವ ಜಾಗದ ಕೆಳಗೆ, ರೋಗಿಗೆ ಆದಷ್ಟು ಹತ್ತಿರ ಅದನ್ನು ಹಾಕಬೇಕು. ನನಗೂ ಇದು ಒಳ್ಳೆಯ ಬದಲಾವಣೆ ಅನ್ನಿಸುತ್ತದೆ. ಸ್ಟೋರ್‌ನಲ್ಲಿ ಎರಡು ಬಗೆ ಇದ್ದರೆ ಅದಲು ಬದಲಾಗುವುದು ಖಂಡಿತ.

ಇದೆಲ್ಲ ಸರಿಯಿದ್ದೂ ಕಟ್ಟಿಕೊಂಡಿದೆ ಅಂದರೆ ಮುಂದಿನ ಪ್ರಶ್ನೆ: ಅದೇ ಲೈನ್‌ನಲ್ಲಿ ಬೇರೆ ಯಾವ ಔಷಧಿ ಹೋಯಿತು? ಔಷಧಿ ಚಾರ್ಟ್ ತೆಗೆದು ಅಲಾರಂಗೆ ಮೊದಲಿನ ಒಂದೆರಡು ಗಂಟೆ ಓದಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ತೀರಾ ಕ್ಷಾರದ್ದು, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) 12ರ ಹತ್ತಿರ. ಆಮ್ಲೀಯ ಟಿಪಿಎನ್ ಮುಟ್ಟಿದ ಕೂಡಲೇ ಹರಳು ಕಟ್ಟುತ್ತದೆ. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಕೂಡ ಆಮ್ಲಕ್ಕೆ ಬಿದ್ದರೆ ಹರಳಾಗಿ ಹೊರಬರುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಕೊಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಶಿಲೀಂಧ್ರದ ಸೋಂಕಿಗೆ ಕೊಡುವ ಆಂಫೋಟೆರಿಸಿನ್ ಬಿ ಟಿಪಿಎನ್ ಜೊತೆ ಸೇರಲೇಬಾರದು.

ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಬಗ್ಗೆ ಬೇರೆಯೇ ಹೇಳಬೇಕು. ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ. ಹೀಗಾಗಿ ನವಜಾತ ಶಿಶುಗಳು ತೀರಿಕೊಂಡ ವರದಿಗಳಿವೆ. 28 ದಿನದೊಳಗಿನ ಮಗುವಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ಹೋಗುತ್ತಿದ್ದರೆ, ಅಥವಾ ಹೋಗಬೇಕಿದ್ದರೆ, ಸೆಫ್ಟ್ರಿಯಾಕ್ಸೋನ್ ಕೊಡಲೇಬಾರದು. ಬೇರೆ ಲೈನ್‌ನಲ್ಲಿ ಕೊಡುತ್ತೇವೆ ಅನ್ನುವುದೂ ಒಪ್ಪುವ ಮಾತಲ್ಲ. ದೊಡ್ಡವರಲ್ಲಿ ಒಟ್ಟಿಗೆ ಒಂದೇ ಲೈನ್‌ನಲ್ಲಿ ಬೇಡ. ಒಂದಾದ ಮೇಲೆ ಒಂದು ಕೊಡುವುದಾದರೆ ನಡುವೆ ಲೈನನ್ನು ಚೆನ್ನಾಗಿ ಫ್ಲಶ್ ಮಾಡಬೇಕು.

ಔಷಧಿಯೂ ಹೋಗಿಲ್ಲ ಅಂದರೆ ದೋಷ ಬ್ಯಾಗ್‌ನಲ್ಲೇ ಇದೆ ಅಂತ ಹಿಡಿದು ಮುಂದೆ ನಡೆಯಿರಿ. ಬರೀ ಫಿಲ್ಟರ್ ಬದಲಿಸಿ ಅದೇ ಬ್ಯಾಗ್ ಮತ್ತೆ ಹಚ್ಚಬೇಡಿ.

ತಿಳಿ ಬ್ಯಾಗ್‌ನಲ್ಲಿ ಬಿಳಿ ಪುಡಿ, ಮಬ್ಬು, ನೂಲಿನಂಥದ್ದು

ಬ್ಯಾಗ್ ಅನ್ನು ಮೆಲ್ಲಗೆ ತಿರುಗಿಸಿ. ಒಳ್ಳೆಯ ಬೆಳಕಲ್ಲಿ ಮೊದಲು ಕಪ್ಪು ಹಿನ್ನೆಲೆ, ಆಮೇಲೆ ಬಿಳಿ ಹಿನ್ನೆಲೆ ಇಟ್ಟು ನೋಡಿ. ಬಿಳಿ ಹರಳು ಕಪ್ಪಿನ ಮೇಲೆ ಕಾಣುತ್ತದೆ, ರಬ್ಬರ್ ಚೂರು ಬಿಳಿಯ ಮೇಲೆ. ಬ್ಯಾಗ್‌ನ ಕೆಳ ಮೂಲೆ ಮತ್ತು ಪೋರ್ಟ್‌ನ ಒಳಗಡೆ ಬಿಡಬೇಡಿ, ಭಾರದ ಹರಳು ಅಲ್ಲಿ ಸೇರುತ್ತದೆ.

ಹರಳಾದರೆ ಮೊದಲ ಅನುಮಾನ ಕ್ಯಾಲ್ಸಿಯಂ ಫಾಸ್ಫೇಟ್. ಇದರ ರಸಾಯನ ಒಮ್ಮೆ ಅರ್ಥವಾದರೆ ಉಳಿದದ್ದೆಲ್ಲ ತಾನಾಗೇ ಹೊಳೆಯುತ್ತದೆ. ಫಾಸ್ಫೇಟ್ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಮೋನೋಬೇಸಿಕ್ ರೂಪ ಕ್ಯಾಲ್ಸಿಯಂ ಜೊತೆ ಸೇರಿದರೂ ಲೀಟರಿಗೆ ಸುಮಾರು 18 ಗ್ರಾಂ ಕರಗುತ್ತದೆ. ಡೈಬೇಸಿಕ್ ರೂಪ ಸೇರಿದರೆ ಕರಗುವುದು ಲೀಟರಿಗೆ ಸುಮಾರು 0.3 ಗ್ರಾಂ ಅಷ್ಟೇ. ವ್ಯತ್ಯಾಸ ಅರವತ್ತು ಪಟ್ಟು. ಯಾವ ರೂಪ ಜಾಸ್ತಿ ಇರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಪಿಎಚ್. 7.2ರಲ್ಲಿ ಎರಡೂ ಸಮ. ಅದಕ್ಕಿಂತ ಕೆಳಗೆ ಹೋದಷ್ಟೂ ಒಳ್ಳೆಯ ರೂಪ ಜಾಸ್ತಿ, ಮೇಲೆ ಹೋದಷ್ಟೂ ಕೆಟ್ಟ ರೂಪ ಜಾಸ್ತಿ. ಅಂದರೆ ದ್ರಾವಣ ತುಸು ಆಮ್ಲೀಯ ಇದ್ದಷ್ಟೂ ಹರಳಿನ ಭಯ ಕಡಿಮೆ.

ಅಮೈನೋ ಆಸಿಡ್ ಇಲ್ಲಿ ದೊಡ್ಡ ಆಸರೆ. ಅದು ಪಿಎಚ್ ಅನ್ನು ಹಿಡಿದಿಡುತ್ತದೆ, ಸ್ವಲ್ಪ ಕ್ಯಾಲ್ಸಿಯಂ ಅನ್ನು ತನ್ನ ಜೊತೆ ಕಟ್ಟಿಕೊಳ್ಳುತ್ತದೆ. ಮೊದಲ ದಿನದ ಬ್ಯಾಗ್‌ನಲ್ಲಿ ಅಮೈನೋ ಆಸಿಡ್ ತೀರಾ ಕಡಿಮೆ ಬರೆದು ಕ್ಯಾಲ್ಸಿಯಂ ಮಾತ್ರ ಪೂರ್ತಿ ಬರೆದರೆ ಆಸರೆ ಇಲ್ಲದ ದ್ರಾವಣ ಸಿಗುತ್ತದೆ. ಅಮೈನೋ ಆಸಿಡ್‌ನ ಬ್ರ್ಯಾಂಡ್ ಬದಲಾದರೂ ಇದೇ ಕಥೆ. ಪ್ರತಿ ಬ್ರ್ಯಾಂಡ್‌ನ ಪಿಎಚ್ ಬೇರೆ, ಒಂದರಲ್ಲಿ ತಡೆದ ಪ್ರಮಾಣ ಇನ್ನೊಂದರಲ್ಲಿ ತಡೆಯದೆ ಹೋಗಬಹುದು. "ಹೋದ ತಿಂಗಳವರೆಗೆ ಇದೇ ಫಾರ್ಮುಲಾ ಸರಿ ಇತ್ತಲ್ಲ" ಅಂತ ಯಾರಾದರೂ ಅಂದರೆ, ಟೆಂಡರ್‌ನಲ್ಲಿ ಬ್ರ್ಯಾಂಡ್ ಬದಲಾಯಿತಾ ಅಂತ ಸ್ಟೋರ್‌ನವರನ್ನು ಕೇಳಿ.

ಈಗ ಬೆರೆಸಿದ ಕ್ರಮ. ಹರಳಿನ ದೂರು ಬಂದಾಗ ನಾನು ಮೊದಲು ಕೇಳುವುದು ಇದನ್ನೇ. ಫಾಸ್ಫೇಟ್ ಆರಂಭದಲ್ಲಿ, ಕ್ಯಾಲ್ಸಿಯಂ ಕೊನೆಯ ಹೊತ್ತಿಗೆ, ನಡುವೆ ಬ್ಯಾಗ್ ಚೆನ್ನಾಗಿ ಮಿಶ್ರವಾಗಬೇಕು. ಇದು ಎಲ್ಲರಿಗೂ ಬಾಯಿಪಾಠ. ಆದರೂ ಎಡವುವುದು ಎಲ್ಲಿ ಅಂತ ಒಂದು ಲೆಕ್ಕದಲ್ಲಿ ನೋಡೋಣ.

1 ಕೆ.ಜಿ. ತೂಕದ ಮಗು, 100 ಮಿ.ಲೀ. ಬ್ಯಾಗ್. ಅಮೈನೋ ಆಸಿಡ್ 3 ಗ್ರಾಂ, ಅಂದರೆ 10% ದ್ರಾವಣ 30 ಮಿ.ಲೀ. ಕ್ಯಾಲ್ಸಿಯಂ 2 ಮಿಲಿಮೋಲ್. 10% ಕ್ಯಾಲ್ಸಿಯಂ ಗ್ಲೂಕೋನೇಟ್‌ನಲ್ಲಿ ಮಿ.ಲೀ.ಗೆ ಸುಮಾರು 0.23 ಮಿಲಿಮೋಲ್ ಇರುವುದರಿಂದ ಹತ್ತಿರ ಹತ್ತಿರ 9 ಮಿ.ಲೀ. ಫಾಸ್ಫೇಟ್ 1.5 ಮಿಲಿಮೋಲ್. ಮಿ.ಲೀ.ಗೆ 3 ಮಿಲಿಮೋಲ್ ಇರುವ ಪೊಟ್ಯಾಸಿಯಂ ಫಾಸ್ಫೇಟ್ ಆದರೆ ಅರ್ಧ ಮಿ.ಲೀ. ಪೂರ್ತಿ 100 ಮಿ.ಲೀ. ಆದ ಮೇಲೆ ಕ್ಯಾಲ್ಸಿಯಂ ಲೀಟರಿಗೆ 20 ಮಿಲಿಮೋಲ್, ಫಾಸ್ಫೇಟ್ 15. ಕಾಗದದ ಮೇಲೆ ಕಾಣುವುದು ಈ ಸಂಖ್ಯೆಗಳು.

ಆದರೆ ಬೆರೆಸುವವರು 30 ಮಿ.ಲೀ. ಡೆಕ್ಸ್‌ಟ್ರೋಸ್ ಹಾಕಿ, ಅದಕ್ಕೇ ಫಾಸ್ಫೇಟ್, ಹಿಂದೆಯೇ ಕ್ಯಾಲ್ಸಿಯಂ ಹಾಕಿ, "ಅಮೈನೋ ಆಸಿಡ್ ಕೊನೆಗೆ ಸೇರಿಸಿದರಾಯಿತು" ಅಂದುಕೊಂಡರು ಅನ್ನಿ. ಆ ಗಳಿಗೆಯಲ್ಲಿ ಬ್ಯಾಗ್‌ನಲ್ಲಿರುವುದು ಸುಮಾರು 40 ಮಿ.ಲೀ. ಕ್ಯಾಲ್ಸಿಯಂ ಲೀಟರಿಗೆ 50 ಮಿಲಿಮೋಲ್, ಫಾಸ್ಫೇಟ್ 37. ಎರಡನ್ನೂ ಗುಣಿಸಿದರೆ ಕೊನೆಯ ಬ್ಯಾಗ್‌ಗಿಂತ ಆರು ಪಟ್ಟು ಜಾಸ್ತಿ. ಹಿಡಿದಿಡುವ ಅಮೈನೋ ಆಸಿಡ್ ಒಂದು ಹನಿಯೂ ಇಲ್ಲ. ಹರಳಿನ ಬೀಜ ಆಗಲೇ ಬಿತ್ತು. ಆಮೇಲೆ 60 ಮಿ.ಲೀ. ಸುರಿದರೂ ಅದು ಮತ್ತೆ ಕರಗುತ್ತದೆ ಅಂತ ನಂಬುವ ಹಾಗಿಲ್ಲ. ಹಾಗಾಗಿ ಕರಗುವ ಮಿತಿಯ ಲೆಕ್ಕವನ್ನು ಬ್ಯಾಗ್‌ನ ಕೊನೆಯ ಅಳತೆಗೆ ಮಾಡಬೇಡಿ. ಕ್ಯಾಲ್ಸಿಯಂ ಬೀಳುವ ಹೊತ್ತಿಗೆ ಒಳಗೆ ಎಷ್ಟಿದೆಯೋ ಅದಕ್ಕೆ ಮಾಡಿ. ಎರಡು ಸಂಖ್ಯೆ ಗುಣಿಸಿ "ಇಷ್ಟಕ್ಕಿಂತ ಕಡಿಮೆ ಇದ್ದರೆ ಸರಿ" ಅನ್ನುವ ಸೂತ್ರವನ್ನೊಂದೇ ನೆಚ್ಚಿಕೊಳ್ಳಬೇಡಿ. ಅದರಲ್ಲಿ ಪಿಎಚ್ ಇಲ್ಲ, ಬಿಸಿ ಇಲ್ಲ, ಅಮೈನೋ ಆಸಿಡ್ ಇಲ್ಲ. ನೀವು ಬಳಸುವ ಬ್ರ್ಯಾಂಡ್‌ನ ಕರಗುವಿಕೆ ಗೆರೆಚಿತ್ರವೇ ಆಧಾರ.

ಇನ್ನೂ ಮೂರು ಅನುಮಾನಗಳಿವೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಬದಲು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ದಾರಾ? ಕ್ಲೋರೈಡ್ ನೀರಿನಲ್ಲಿ ಪೂರ್ತಿ ಬಿಡಿಸಿಕೊಂಡು ಕ್ಯಾಲ್ಸಿಯಂ ಅನ್ನು ಬಿಡುತ್ತದೆ, ಹರಳು ಬೇಗ. ಬ್ಯಾಗ್ ಬೆರೆಸಿ ಎಷ್ಟು ಹೊತ್ತಾಯಿತು? ಹರಳು ಕೂಡಲೇ ಬರಬೇಕೆಂದಿಲ್ಲ, ಹಲವು ಗಂಟೆ ಬಿಟ್ಟು ಕಾಣಿಸಬಹುದು. ಸಂಜೆ ತಿಳಿಯಾಗಿದ್ದ ಬ್ಯಾಗ್ ಬೆಳಗಿನ ಜಾವ ಮಬ್ಬಾಗುವುದು ಹೀಗೆ. ಮೂರನೆಯದು ಬಿಸಿ.

ಸಕ್ಕರೆ, ಉಪ್ಪು ಬಿಸಿಯಾದರೆ ಹೆಚ್ಚು ಕರಗುತ್ತವೆ ಅಂತ ನಮಗೆಲ್ಲ ಗೊತ್ತು. ಇಲ್ಲಿ ತಿರುಗುಮುರುಗು. ಬಿಸಿ ಏರಿದಷ್ಟೂ ಗ್ಲೂಕೋನೇಟ್ ಹೆಚ್ಚು ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ಹರಳು ಜಾಸ್ತಿ. ಫ್ರಿಜ್‌ನಲ್ಲಿ ತಿಳಿಯಾಗಿದ್ದ ದ್ರಾವಣ ವಾರ್ಡಿನ ಸೆಕೆಯಲ್ಲಿ ಕೆಡಬಹುದು. ಎನ್‌ಐಸಿಯುನಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಬ್ಯಾಗ್ ಹೊರಗೆ ತಣ್ಣಗೆ ತೂಗುತ್ತಿರುತ್ತದೆ, ಲೈನ್‌ನ ಕೊನೆಯ ತುಂಡು ಮಾತ್ರ ಇನ್‌ಕ್ಯುಬೇಟರ್ ಒಳಗೆ ಅಥವಾ ವಾರ್ಮರ್ ಕೆಳಗೆ ಹಾದುಹೋಗುತ್ತದೆ. ಮಗುವಿನ ಹರಿವು ಗಂಟೆಗೆ ನಾಲ್ಕೈದು ಮಿ.ಲೀ. ಮಾತ್ರ, ಹಾಗಾಗಿ ದ್ರಾವಣ ಆ ಬೆಚ್ಚಗಿನ ತುಂಡಿನಲ್ಲಿ ನಿಧಾನವಾಗಿ ತೆವಳುತ್ತದೆ. ಹರಳು ಹುಟ್ಟುವುದು ಅಲ್ಲಿ. ಫಾರ್ಮಸಿಯಲ್ಲಿ ಬ್ಯಾಗ್ ತಿರುಗಿಸಿ ನೋಡಿದರೆ ಏನೂ ಕಾಣುವುದಿಲ್ಲ. ಬ್ಯಾಗ್ ವಾಪಸ್ ಕಳಿಸುವಾಗ ಲೈನನ್ನೂ ಜೊತೆಗೇ ಕಳಿಸಿ ಅನ್ನುವುದು ಇದಕ್ಕೇ. ಕೊನೆಯ ಒಂದು ಅಡಿಯನ್ನು ಕಪ್ಪು ಬಟ್ಟೆಯ ಮೇಲಿಟ್ಟು ಟಾರ್ಚ್ ಹಿಡಿದು ನೋಡಿ. ಒಳಗೋಡೆಗೆ ಅಂಟಿದ ಬಿಳಿ ಪುಡಿ ಸಿಕ್ಕರೆ ದೋಷ ಸಿಕ್ಕಿತು.

ಪರಿಹಾರ ಏನು? ಕ್ರಮ ಸರಿಪಡಿಸುವುದು ಮೊದಲನೆಯದು. ಅದಾದರೂ ಪ್ರಮಾಣ ಹಿಡಿಸುತ್ತಿಲ್ಲವಾದರೆ ಸೋಡಿಯಂ ಗ್ಲಿಸರೋಫಾಸ್ಫೇಟ್. ಇದರಲ್ಲಿ ಫಾಸ್ಫೇಟ್ ಸಾವಯವ ರೂಪದಲ್ಲಿ ಕಟ್ಟಿಕೊಂಡಿರುತ್ತದೆ, ಕ್ಯಾಲ್ಸಿಯಂ ಕೈಗೆ ಸಿಗುವುದಿಲ್ಲ. ಸಿಗುವ ಊರಿನಲ್ಲಿ ನವಜಾತ ಶಿಶುಗಳಿಗೆ ಇದನ್ನೇ ಬಳಸಿ ಅಂತ ನಾನು ಒತ್ತಿ ಹೇಳುತ್ತೇನೆ. ಆದರೆ ಸೋಡಿಯಂ ಲೆಕ್ಕ ಮರೆಯಬೇಡಿ. ಮಿ.ಲೀ.ಗೆ 1 ಮಿಲಿಮೋಲ್ ಫಾಸ್ಫೇಟ್ ಜೊತೆ 2 ಮಿಲಿಮೋಲ್ ಸೋಡಿಯಂ ಬರುತ್ತದೆ. ಮೇಲಿನ ಮಗುವಿಗೆ 1.5 ಮಿಲಿಮೋಲ್ ಫಾಸ್ಫೇಟ್ ಕೊಟ್ಟರೆ ಕೇಳದೆಯೇ 3 ಮಿಲಿಮೋಲ್ ಸೋಡಿಯಂ ಹೋಯಿತು. ಹುಟ್ಟಿದ ಮೊದಲೆರಡು ದಿನ ಅದು ಜಾಸ್ತಿ ಆಗಬಹುದು. ಇದು ಇಲ್ಲದ ಕಡೆ ಕ್ಯಾಲ್ಸಿಯಂ, ಫಾಸ್ಫೇಟ್ ಎರಡನ್ನೂ ಬ್ಯಾಗ್ ತಡೆಯುವಷ್ಟಕ್ಕೆ ಇಳಿಸಬೇಕು. ಇಳಿಸಿದ್ದನ್ನು ಕೇಸ್ ಶೀಟ್‌ನಲ್ಲಿ ಬರೆಯಿರಿ. ಎಲುಬಿನ ಪರೀಕ್ಷೆ, ರಕ್ತದ ಫಾಸ್ಫೇಟ್ ನೋಡುವವರಿಗೆ ಅದು ಗೊತ್ತಿರಬೇಕು.

ಬಿಳಿ ಬ್ಯಾಗ್‌ನ ಮೇಲೆ ಕೆನೆ, ಎಣ್ಣೆ, ಗೆರೆ

ಕೊಬ್ಬಿನ ಹನಿಗಳನ್ನು ನೀರಿನಲ್ಲಿ ತೇಲಿಸಿ ಇಟ್ಟಿರುವುದು ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್. ಅದು ಪ್ರತಿ ಹನಿಗೂ ಋಣ ವಿದ್ಯುತ್ತಿನ ಹೊದಿಕೆ ಕೊಡುತ್ತದೆ. ಹನಿಗಳು ಒಂದನ್ನೊಂದು ದೂಡುತ್ತಾ ಬೇರೆ ಬೇರೆ ಇರುತ್ತವೆ. ಈ ಹೊದಿಕೆ ಹೋದರೆ ಹನಿಗಳು ಒಟ್ಟುಗೂಡುತ್ತವೆ, ಆಮೇಲೆ ಒಂದಾಗುತ್ತವೆ, ಕೊನೆಗೆ ಹಾಲು ಒಡೆದ ಹಾಗೆ ಎಣ್ಣೆ ಬೇರೆ, ನೀರು ಬೇರೆ.

ಮೇಲೆ ದಪ್ಪ ಬಿಳಿ ಪದರ ಕಂಡರೆ ಗಾಬರಿ ಬೇಡ. ಬ್ಯಾಗ್ ಅನ್ನು ನಿಧಾನವಾಗಿ ಕೆಲವು ಸಲ ಮೇಲೆ ಕೆಳಗೆ ತಿರುಗಿಸಿ. ಜೋರಾಗಿ ಕುಲುಕಬೇಡಿ. ಪದರ ಪೂರ್ತಿ ಸೇರಿ ಒಂದೇ ಸಮ ಬಿಳಿ ಆಯಿತು ಅಂದರೆ ಅದು ಬರೀ ಕೆನೆ, ಬಳಸಬಹುದು. ಹಳದಿ ಎಣ್ಣೆ ಹನಿ, ಕಂದು-ಹಳದಿ ಗೆರೆ, ಬ್ಯಾಗ್‌ನ ಗೋಡೆಗೆ ಅಂಟಿದ ಎಣ್ಣೆ ಪಸೆ ಕಂಡರೆ, ಅಥವಾ ತಿರುಗಿಸಿದರೂ ಪದರ ಸೇರದಿದ್ದರೆ, ಅದು ಒಡೆದಿದೆ. ಮತ್ತೆ ಸರಿಹೋಗುವುದಿಲ್ಲ. ಎಸೆಯಬೇಕು. ಕೆನೆ ಮತ್ತೆ ಮತ್ತೆ ಬೇಗ ಬೇಗ ಕಟ್ಟುತ್ತಿದ್ದರೂ ಫಾರ್ಮಸಿಗೆ ಫೋನ್ ಮಾಡಿ. ಒಡೆಯುವ ದಾರಿಯಲ್ಲಿ ಅದು ಮೊದಲ ಮೆಟ್ಟಿಲು ಇರಬಹುದು. ಅಮೆರಿಕದ ಔಷಧ ಸಂಹಿತೆ ಯುಎಸ್‌ಪಿ ಇದಕ್ಕೆ ಗಡಿ ಹಾಕಿದೆ: ಹನಿಯ ಸರಾಸರಿ ಅಳತೆ 0.5 ಮೈಕ್ರಾನ್ ಒಳಗಿರಬೇಕು, 5 ಮೈಕ್ರಾನ್‌ಗಿಂತ ದೊಡ್ಡ ಹನಿಗಳಲ್ಲಿರುವ ಕೊಬ್ಬು 0.05% ದಾಟಬಾರದು. ಇದನ್ನು ಅಳೆಯುವ ಯಂತ್ರ ಹೆಚ್ಚಿನ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಹಾಗಾಗಿ ಕಾರಣಗಳನ್ನು ದೂರ ಇಡುವುದೇ ನಮ್ಮ ಕೈಲಿರುವುದು.

ಒಡೆಯಲು ಮುಖ್ಯ ಕಾರಣ ಆಮ್ಲ. ಡೆಕ್ಸ್‌ಟ್ರೋಸ್‌ನ ಪಿಎಚ್ 4ರ ಆಸುಪಾಸು, ಕೊಬ್ಬಿನ ದ್ರಾವಣದ್ದು 8ರ ಹತ್ತಿರ. ಡೆಕ್ಸ್‌ಟ್ರೋಸ್ ಅನ್ನು ನೇರವಾಗಿ ಕೊಬ್ಬಿಗೆ ಸುರಿದರೆ ಹೊದಿಕೆ ಅಲ್ಲೇ ಕಳಚುತ್ತದೆ. ಮೊದಲು ಡೆಕ್ಸ್‌ಟ್ರೋಸ್ ಮತ್ತು ಅಮೈನೋ ಆಸಿಡ್ ಸೇರಬೇಕು, ಕೊಬ್ಬು ಕೊನೆಗೆ. ಇಲ್ಲೊಂದು ಬಿಗಿ ಇದೆ ನೋಡಿ. ಹರಳು ಬಾರದಿರಲು ಪಿಎಚ್ ಕೆಳಗಿರಬೇಕು, ಕೊಬ್ಬು ಒಡೆಯದಿರಲು ಮೇಲಿರಬೇಕು. ಮೂರು ಸೇರಿದ ಬ್ಯಾಗ್‌ನಲ್ಲಿ ಇವೆರಡರ ನಡುವೆ ಉಳಿಯುವ ಜಾಗ ಸಣ್ಣದು. ಕೂಸಿಗೆ ಕೊಬ್ಬನ್ನು ಬೇರೆ ಇಡುವುದು ಯಾಕೆ ಅಂತ ಇದರಿಂದಲೂ ತಿಳಿಯುತ್ತದೆ.

ಎರಡನೆಯ ಕಾರಣ ಧನ ವಿದ್ಯುತ್ತಿನ ಖನಿಜಗಳು. ಸೋಡಿಯಂ, ಪೊಟ್ಯಾಸಿಯಂ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊದಿಕೆಯನ್ನು ಜೋರಾಗಿ ಕೆಡಿಸುತ್ತವೆ. ಕಬ್ಬಿಣ ಅದಕ್ಕಿಂತ ಜೋರು, ಐರನ್ ಡೆಕ್ಸ್‌ಟ್ರಾನ್ ಅನ್ನು ಕೊಬ್ಬಿರುವ ಬ್ಯಾಗ್‌ಗೆ ಹಾಕಲೇಬಾರದು.

ಮೂರನೆಯದು ತೀರಾ ತೆಳುವಾದ ಬ್ಯಾಗ್. ನಾವೇ ಬೆರೆಸುವ ಮೂರು ಸೇರಿದ ಬ್ಯಾಗ್‌ನಲ್ಲಿ ಕೊನೆಗೆ ಅಮೈನೋ ಆಸಿಡ್ 4%, ಡೆಕ್ಸ್‌ಟ್ರೋಸ್ 10%, ಕೊಬ್ಬು 2%, ಇದಕ್ಕಿಂತ ಕಡಿಮೆ ಆಗಬಾರದು ಅನ್ನುವುದು ರೂಢಿಯಲ್ಲಿರುವ ನಿಯಮ. 60 ಕೆ.ಜಿ. ರೋಗಿಗೆ 2 ಲೀಟರ್ ಬ್ಯಾಗ್ ಅನ್ನಿ. 80 ಗ್ರಾಂ ಅಮೈನೋ ಆಸಿಡ್, 200 ಗ್ರಾಂ ಡೆಕ್ಸ್‌ಟ್ರೋಸ್, 40 ಗ್ರಾಂ ಕೊಬ್ಬು ಹಾಕಿದರೆ ಸರಿಯಾಗಿ ಗಡಿಯ ಮೇಲೆ ನಿಲ್ಲುತ್ತದೆ, ಸುಮಾರು 1400 ಕ್ಯಾಲೊರಿ. ಕಿಡ್ನಿ ತೊಂದರೆ ಅಂತ ಯಾರೋ ಅಮೈನೋ ಆಸಿಡ್ ಅನ್ನು 50 ಗ್ರಾಂಗೆ ಇಳಿಸಿ, ನೀರು ಅಷ್ಟೇ ಇರಲಿ ಅಂದರೆ ಅದು 2.5% ಆಯಿತು. ಪೋಷಣೆಯ ಲೆಕ್ಕದಲ್ಲಿ ಅದು ಸರಿಯಿರಬಹುದು, ಕೊಬ್ಬಿಗೆ ಆಸರೆ ಹೋಯಿತು. ಆಗ ಕೊಬ್ಬನ್ನು ಬೇರೆ ಕೊಡಿ, ಇಲ್ಲವೇ ನೀರು ಇಳಿಸಿ. ಕಂಪನಿಯಿಂದಲೇ ಬರುವ ಮೂರು ಕೋಣೆಯ ಬ್ಯಾಗ್‌ಗಳಲ್ಲಿ ಇದಕ್ಕಿಂತ ತೆಳು ಇರುವುದುಂಟು. ಅವರು ಆ ಫಾರ್ಮುಲಾವನ್ನು ಪರೀಕ್ಷಿಸಿರುತ್ತಾರೆ. ಲೇಬಲ್‌ನಲ್ಲಿ ಎಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸಬಹುದು ಅಂತ ಬರೆದಿದೆಯೋ ಅಲ್ಲಿಗೆ ನಿಲ್ಲಿಸಬೇಕು.

ಫ್ರಿಜ್‌ನ ಹಿಂಗೋಡೆಗೆ ತಾಗಿ ಹೆಪ್ಪುಗಟ್ಟಿದ ಕೊಬ್ಬಿನ ಬಾಟಲಿಯನ್ನು ಕರಗಿಸಿ ಬಳಸಬೇಡಿ. ವಾರ್ಡಿನಲ್ಲಿ "ಪೊಟ್ಯಾಸಿಯಂ ಕಡಿಮೆ ಇದೆ, ಒಂದು ಆಂಪೂಲ್ ಬ್ಯಾಗ್‌ಗೇ ಹಾಕಿಬಿಡಿ" ಅನ್ನುವ ಆರ್ಡರ್ ಬಂದರೆ ಬೇಡ ಅನ್ನಿ. ರೋಗಾಣು ಸೇರುವ ಭಯ ಒಂದು. ತೂಗುತ್ತಿರುವ ಬ್ಯಾಗ್‌ಗೆ ಹಾಕಿದ ಪೊಟ್ಯಾಸಿಯಂ ಭಾರವಾಗಿ ಪೋರ್ಟ್ ಬಳಿಯೇ ನಿಂತು ಒಮ್ಮೆಲೇ ರೋಗಿಗೆ ಹೋಗುವ ಭಯ ಇನ್ನೂ ದೊಡ್ಡದು.

ಬಣ್ಣ ಬದಲಾಗಿದೆ

ವಿಟಮಿನ್ ಹಾಕಿದ ಬ್ಯಾಗ್ ಹಳದಿ ಇರುವುದು ಸಹಜ, ಅದು ರೈಬೋಫ್ಲೇವಿನ್ ಬಣ್ಣ. ಸಕ್ಕರೆ ಮತ್ತು ಅಮೈನೋ ಆಸಿಡ್ ಬೆರೆತು ಬಹಳ ದಿನ ಇದ್ದರೆ, ಬಿಸಿಯಲ್ಲಿದ್ದರೆ, ಕಂದು ತಿರುಗುತ್ತದೆ. ಕಂಪನಿಗಳು ಇವೆರಡನ್ನು ಬೇರೆ ಕೋಣೆಯಲ್ಲಿ ಇಟ್ಟು ಕಳಿಸುವುದು ಇದಕ್ಕೇ. ಕಂದು ಬ್ಯಾಗ್ ಬಳಸಬೇಡಿ.

ಆದರೆ ಬೆಳಕಿನಿಂದ ಆಗುವ ಕೆಡುಕಿಗೆ ಬಣ್ಣ ಕಾಯಬೇಡಿ, ಅದು ಕಾಣುವುದೇ ಇಲ್ಲ. ರೈಬೋಫ್ಲೇವಿನ್ ಬೆಳಕು ಹೀರಿ ಕೊಬ್ಬಿನಲ್ಲಿ, ಅಮೈನೋ ಆಸಿಡ್‌ನಲ್ಲಿ ಪೆರಾಕ್ಸೈಡ್ ಹುಟ್ಟಿಸುತ್ತದೆ. ವಿಟಮಿನ್ ಎ ಬೆಳಕಿಗೆ ನಾಶವಾಗುತ್ತದೆ, ವಿಟಮಿನ್ ಸಿ ಗಾಳಿಯ ಆಮ್ಲಜನಕಕ್ಕೆ. ದಿನ ತುಂಬದ ಮಗುವಿಗೆ ಈ ಪೆರಾಕ್ಸೈಡ್ ತಡೆಯುವ ಶಕ್ತಿ ಕಡಿಮೆ. 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳಿಗೆ ಬ್ಯಾಗ್ ಮತ್ತು ಲೈನ್ ಎರಡನ್ನೂ ಬೆಳಕಿನಿಂದ ಮುಚ್ಚಿ ಅಂತ ಹೇಳಿತು. ನಮ್ಮಲ್ಲಿ ಬ್ಯಾಗ್‌ಗೆ ಕವರ್ ಹಾಕುವುದು ರೂಢಿಯಾಗಿದೆ, ಲೈನ್ ಬೆತ್ತಲೆಯೇ ಇರುತ್ತದೆ. ಅದೇ ಮಗು ಕಾಮಾಲೆಗೆ ಫೋಟೋಥೆರಪಿ ಲೈಟ್ ಕೆಳಗೂ ಇರುತ್ತದೆ ಅಲ್ವಾ, ಆ ನೀಲಿ ಬೆಳಕು ಲೈನ್ ಮೇಲೆ ನೇರ ಬೀಳುತ್ತದೆ. ಬಣ್ಣದ ಲೈನ್ ತರಿಸಿ. ವಿಟಮಿನ್ ಅನ್ನು ತೂಗುಹಾಕುವ ಮುಂಚೆ ಸೇರಿಸಿ, 24 ಗಂಟೆ ದಾಟಿಸಬೇಡಿ.

ಬ್ಯಾಗ್ ಚೆನ್ನಾಗಿದೆ, ರಿಪೋರ್ಟ್ ಮಾತ್ರ ವಿಚಿತ್ರ

ಸಕ್ಕರೆ ಹಠಾತ್ತಾಗಿ ಐನೂರು ಆರುನೂರು, ಪೊಟ್ಯಾಸಿಯಂ ಮೇಲೆ, ಸೋಡಿಯಂ ಕೆಳಗೆ, ರೋಗಿ ಮಾತ್ರ ಆರಾಮಾಗಿದ್ದಾರೆ. ರಕ್ತ ಎಲ್ಲಿಂದ ತೆಗೆದರು ಅಂತ ಕೇಳಿ. ಟಿಪಿಎನ್ ಹೋಗುವ ಲೈನ್‌ನಿಂದಲೇ ತೆಗೆದಿದ್ದರೆ ಲ್ಯಾಬ್‌ಗೆ ಹೋದದ್ದು ಟಿಪಿಎನ್ ಬೆರೆತ ರಕ್ತ. ಬೇರೆ ಕೈಯಿಂದ ತೆಗೆದು ಮತ್ತೆ ಕಳಿಸಿ. ಅದಕ್ಕೆ ಮೊದಲು ಇನ್ಸುಲಿನ್ ಕೊಡಬೇಡಿ, ಗ್ಲೂಕೋಮೀಟರ್‌ನಲ್ಲಿ ಬೆರಳಿನ ರಕ್ತ ನೋಡಿ.

ಕೈಯ ನರ ಕೆಂಪಾಗಿ ಊದಿದರೆ ಸಾಂದ್ರತೆ ಲೆಕ್ಕ ಹಾಕಿ. ಅಂದಾಜಿಗೆ ಡೆಕ್ಸ್‌ಟ್ರೋಸ್ ಗ್ರಾಂ ಅನ್ನು 5ರಿಂದ, ಅಮೈನೋ ಆಸಿಡ್ ಗ್ರಾಂ ಅನ್ನು 10ರಿಂದ ಗುಣಿಸಿ, ಲೀಟರ್‌ನಿಂದ ಭಾಗಿಸಿ. ಮೇಲಿನ 2 ಲೀಟರ್ ಬ್ಯಾಗ್‌ಗೆ 1000 ಮತ್ತು 800, ಲೀಟರಿಗೆ 900 ಮಿಲಿಆಸ್ಮೋಲ್ (ಸಾಂದ್ರತೆಯ ಅಳತೆ). ಕೈಯ ನರದ ಮಿತಿಯೇ 900, ಇನ್ನೂ ಖನಿಜಗಳನ್ನು ಸೇರಿಸಿಲ್ಲ. ಅಂದರೆ ಗಡಿಯ ಮೇಲಿನ ಆ ಬ್ಯಾಗ್ ಕೂಡ ಸೆಂಟ್ರಲ್ ಲೈನ್‌ಗೇ, ಅಂದರೆ ಹೃದಯದ ಹತ್ತಿರದ ದೊಡ್ಡ ನಾಳಕ್ಕೇ, ಹೋಗಬೇಕು. ಕೂಸುಗಳಲ್ಲಿ ಕೈಯ ನರಕ್ಕೆ ಡೆಕ್ಸ್‌ಟ್ರೋಸ್ 12.5% ದಾಟಿಸಬೇಡಿ.

ಬ್ಯಾಗ್ ವಾಪಸ್ ಕಳಿಸುವಾಗ

ಬ್ಯಾಗ್, ಲೈನ್, ಫಿಲ್ಟರ್ ಮೂರನ್ನೂ ಬಿಡಿಸದೆ, ತುದಿ ಮುಚ್ಚಿ, ಒಂದು ಸ್ವಚ್ಛ ಕವರ್‌ನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಬೇಡ. ಫೋಟೋ ತೆಗೆಯಿರಿ, ಕಪ್ಪು ಹಿನ್ನೆಲೆಯಲ್ಲಿ ಒಂದು, ಬಿಳಿ ಹಿನ್ನೆಲೆಯಲ್ಲಿ ಒಂದು. ಜೊತೆಗಿಡುವ ಚೀಟಿಯಲ್ಲಿ ತೂಗುಹಾಕಿದ ಸಮಯ, ತೊಂದರೆ ಕಂಡ ಸಮಯ, ಹರಿವಿನ ವೇಗ, ಆ ಹೊತ್ತಿನ ವಾರ್ಮರ್ ಉಷ್ಣತೆ, ಅದೇ ಲೈನ್‌ನಲ್ಲಿ ಹೋದ ಔಷಧಿಗಳು ಇರಲಿ. ಫಾರ್ಮಸಿಯವರು ತಮ್ಮ ಕಡೆಯಿಂದ ಬೆರೆಸಿದ ಕ್ರಮ, ಪ್ರತಿ ಬಾಟಲಿಯ ಬ್ಯಾಚ್ ನಂಬರ್, ಕ್ಯಾಲ್ಸಿಯಂ ಹಾಕುವಾಗ ಬ್ಯಾಗ್‌ನಲ್ಲಿದ್ದ ಅಳತೆ ಬರೆಯಲಿ. ಅದೇ ಬ್ಯಾಚ್‌ನಿಂದ ಆ ದಿನ ಬೇರೆ ಯಾರಿಗೆಲ್ಲ ಬ್ಯಾಗ್ ಹೋಗಿದೆ ಅಂತ ನೋಡಿ, ಆ ವಾರ್ಡ್‌ಗಳಿಗೆ ಕೂಡಲೇ ಫೋನ್ ಮಾಡಿ. ರೋಗಿಗೆ ತೊಂದರೆ ಆಗಿದ್ದರೆ ಆಸ್ಪತ್ರೆಯ ಔಷಧ ಸುರಕ್ಷತಾ ವಿಭಾಗದ ಮೂಲಕ ಫಾರ್ಮಕೋವಿಜಿಲೆನ್ಸ್ (ಔಷಧದ ಕೆಡುಕುಗಳ ಮೇಲೆ ನಿಗಾ ಇಡುವ) ಕಾರ್ಯಕ್ರಮಕ್ಕೆ ವರದಿ ಹೋಗಬೇಕು.